ಎಷ್ಟು ಗ್ರಾಂ?

ನಮ್ಮ ಶಾಲೆಯಲ್ಲಿ ಓದಿದವರಿಗೆ ಡ್ರಾಯಿಂಗ್ ಮೇಷ್ಟ್ರ ನೆನಪು ಇದ್ದೇ ಇರುತ್ತದೆ. ಸಮಾಜ ವಿಜ್ಞಾನದವನಾದ ನಾನು ಬೋರ್ಡಿನ ಮೇಲೆ ಭೂಪಟ ಬೇಕಾದಾಗಲೆಲ್ಲ ಅವರನ್ನೇ ಕರೆಯುತ್ತಿದ್ದೆ. ನಿವೃತ್ತಿಯ ಅನಂತರ ಅವರು ಸಾಗರದ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಬೆಳ್ಳಿಯ ಒಡವೆಗಳನ್ನು ಕೈಯಿಂದಲೇ ಮಾಡುತ್ತಿದ್ದಾರೆ.

ಮೊಮ್ಮಗಳಿಗೆ ಒಂದು ಜೊತೆ ಓಲೆ ಮಾಡಿಸಲೆಂದು ಹೋದೆ. ಶಾಲೆಯ ಅಂಗಳದ ಹೊಂಗೆಯ ಎಲೆಯನ್ನೇ ಬರೆದು ತೋರಿಸಿದರು. ಬೆಲೆ ಹೇಳಿದೊಡನೆ ನನ್ನ ಬಾಯಿಂದ ಬಂದ ಮಾತು, "ಎಷ್ಟು ಗ್ರಾಂ?" ಎಂಟು ಆಗಬಹುದು ಎಂದರು. ಮನಸ್ಸಿನಲ್ಲೇ ಗುಣಿಸಿದೆ, ಅವರು ಹೇಳಿದ್ದು ಬೆಳ್ಳಿಯ ದರದ ಮೂರರಷ್ಟು. "ನನಗೂ ಇಷ್ಟೇನಾ?" ಎಂದೆ. ನಕ್ಕು, "ನಾಳೆ ಬೆಳಗ್ಗೆ ಬಂದು ಸ್ವಲ್ಪ ಕೂತ್ಕೊಳ್ಳಿ ಸಾರ್" ಎಂದರು.

ಕುಳಿತೆ. ಅಚ್ಚ ಬೆಳ್ಳಿ ಒಡವೆಗೆ ತೀರ ಮೆದುವಂತೆ, ಆದ್ದರಿಂದ 92.5 ಪಾಲು ಬೆಳ್ಳಿಗೆ 7.5 ಪಾಲು ತಾಮ್ರ ಬೆರೆತ ತಗಡು. ಬಡಿದಷ್ಟೂ ಅದು ಬಿರುಸಾಗುತ್ತದೆ. ಬಿರಿಯುವ ಮೊದಲೇ ಕಾಯಿಸಿ ಮೆದು ಮಾಡಬೇಕು, ಮತ್ತೆ ಬಡಿಯಬೇಕು. ಬಿಳಿಗಾರ ಹಚ್ಚಿ ಬೆಸೆಯುವಾಗ ಒಂದು ಕ್ಷಣ ಹೆಚ್ಚು ಬೆಂಕಿ ತಾಗಿದರೆ ಒಡವೆಯೇ ಕರಗುತ್ತದೆ. ನನ್ನೆದುರಿಗೇ ಒಂದು ಎಲೆಯ ತೊಟ್ಟು ಹಾಗೆ ಮುದ್ದೆಯಾಯಿತು. ಮೇಷ್ಟ್ರು ಏನೂ ಹೇಳದೆ ಅದನ್ನು ಚೂರುಗಳ ಡಬ್ಬಿಗೆ ಹಾಕಿ, ಇನ್ನೊಂದಕ್ಕೆ ತಂತಿ ಕತ್ತರಿಸತೊಡಗಿದರು. ನನಗೆ ನಾಚಿಕೆಯಾಯಿತು.

ಕೊಳ್ಳುವವರು ಶುದ್ಧತೆಯನ್ನು ವಿಚಾರಿಸುವುದು ತಪ್ಪಲ್ಲ. 2021ರಲ್ಲಿ ಚಿನ್ನದ ಆಭರಣಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಾದಾಗ ಬೆಳ್ಳಿ ಹೊರಗುಳಿಯಿತು, ಆದ್ದರಿಂದ ವಿಚಾರಿಸಲೇಬೇಕು. ಆದರೆ ಶುದ್ಧತೆಯ ಮಾತು ಬೇರೆ, ಕೂಲಿಯ ಮಾತು ಬೇರೆ. ನಮ್ಮ ಸಾಗರದ ಗುಡಿಗಾರರು ಕೆತ್ತಿದ ಶ್ರೀಗಂಧದ ಪೆಟ್ಟಿಗೆಯನ್ನು ಬರಿಯ ಮರದ ತೂಕಕ್ಕೆ ಕೊಡಿ ಎಂದು ಯಾರು ಕೇಳುತ್ತಾರೆ? ಬೆಳ್ಳಿಯಾದರೆ ಮಾತ್ರ ತಕ್ಕಡಿ ನೆನಪಾಗುತ್ತದೆ. ಕಷ್ಟಕಾಲಕ್ಕೆ ಒತ್ತೆಯಿಡಲು ಒದಗುವ ಲೋಹವೆಂದು ನಮ್ಮ ಹಿರಿಯರು ತೂಕ ನೋಡಿದರು. ಅದು ಅವರ ಬಡತನದ ವಿವೇಕ. ಪಿಂಚಣಿ ಪಡೆಯುವ ನನಗೆ ಆ ನೆಪವಿಲ್ಲ. ನಾನು ಎಷ್ಟೇ ಚೌಕಾಸಿ ಮಾಡಿದರೂ ಬೆಳ್ಳಿಯ ದರ ಇಳಿಯುವುದಿಲ್ಲ, ಅದು ಪೇಟೆಯದು. ಇಳಿಯುವುದು ಮೇಷ್ಟ್ರ ಎರಡು ದಿನದ ಕೂಲಿ ಮಾತ್ರ.

ಹಣವನ್ನು ಪೂರ್ತಿ ಕೊಟ್ಟು ಓಲೆ ತಂದೆ. ಮೊಮ್ಮಗಳು ಅವನ್ನು ಬೆಳಕಿಗೆ ಹಿಡಿದು, ಎರಡೂ ಎಲೆಗಳ ನರಗಳು ಒಂದೇ ತರಹ ಇಲ್ಲವಲ್ಲ ಅಜ್ಜ, ಎಂದು ಕಂಡುಹಿಡಿದಳು. ಅದೇ ದಿನ ಹಾಕಿಕೊಂಡೂ ಬಿಟ್ಟಳು.

ಸಾಗರದ ಕಡೆ ಬರುವ ಹಳೆಯ ವಿದ್ಯಾರ್ಥಿಗಳು ಮೇಷ್ಟ್ರ ಜಗಲಿಗೆ ಹೋಗಿ ಬನ್ನಿ. ನನ್ನ ಹೆಸರು ಹೇಳಿ ಬೆಲೆ ಇಳಿಸಿಕೊಳ್ಳಬೇಡಿ.