ವಿದೇಶ ವ್ಯಾಸಂಗವೂ ಹೋಟೆಲಿನ ಊಟವೂ

ವಿದ್ಯೆಗಾಗಿ ಮನೆ ಬಿಟ್ಟು ಹೊರಟ ವಿದ್ಯಾರ್ಥಿಗೆ ಗುರುಗಳು ಎಲ್ಲಿ ದೊರೆಯುವರೆಂಬುದು ಹೊರಡುವ ಮುನ್ನವೇ ತಿಳಿದಿರುತ್ತದೆ. ಹೊತ್ತಿಗೆ ಸರಿಯಾಗಿ ಅನ್ನ ಎಲ್ಲಿ ದೊರೆಯುವುದೆಂಬುದು ಮಾತ್ರ ಅಲ್ಲಿಗೆ ಹೋಗಿ ಸೇರಿದ ಮೇಲೆಯೇ ತಿಳಿಯತಕ್ಕದ್ದು. ಕನ್ನಡ ನಾಡು ಈ ಪ್ರಶ್ನೆಗೆ ಕಾಲಕಾಲಕ್ಕೆ ತನ್ನದೇ ಆದ ಉತ್ತರಗಳನ್ನು ಕಂಡುಕೊಂಡಿದೆ. ಹಳೆಯ ಮೈಸೂರು ಸೀಮೆಯಲ್ಲಿ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಉಣ್ಣುತ್ತಿದ್ದ ವಾರಾನ್ನದ ಪದ್ಧತಿಯಿತ್ತು. ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ತಿಂಗಳಿಗಿಷ್ಟೆಂದು ಹಣ ಕೊಟ್ಟು ರೊಟ್ಟಿ ಪಲ್ಯ ಉಣ್ಣುವ ಖಾನಾವಳಿಗಳು ಬೆಳೆದವು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಸಿದ್ಧಗಂಗೆಯಲ್ಲಿ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ನಡೆಸಿಕೊಂಡು ಬಂದ ತ್ರಿವಿಧ ದಾಸೋಹದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಓದಿದುದು ನಾಡಿಗೆಲ್ಲ ತಿಳಿದ ಸಂಗತಿ.

ಇಂದು ಅದೇ ಪ್ರಶ್ನೆ ಕಡಲಾಚೆಗೆ ಸಾಗಿದೆ. ದೇವರಾಯನದುರ್ಗದ ಸೆರಗಿನ ಊರ್ಡಿಗೆರೆಯಂತಹ ಹೋಬಳಿಗಳ ರೈತರ ಮಕ್ಕಳೂ ಎಂಜಿನಿಯರಿಂಗ್ ಮುಗಿಸಿ ಅಮೆರಿಕ, ಇಂಗ್ಲೆಂಡ್, ಜರ್ಮನಿಗಳಿಗೆ ಉನ್ನತ ವ್ಯಾಸಂಗಕ್ಕೆ ಹೋಗುವ ಕಾಲವಿದು. 2023–24ನೆಯ ಶೈಕ್ಷಣಿಕ ವರ್ಷದಲ್ಲಿ ಅಮೆರಿಕವೊಂದರಲ್ಲಿಯೇ 3,31,602 ಮಂದಿ ಭಾರತೀಯ ವಿದ್ಯಾರ್ಥಿಗಳಿದ್ದರು. ಇವರನ್ನು ಬೀಳ್ಕೊಡುವಾಗ ಹಿರಿಯರು ಚಟ್ನಿಪುಡಿ, ಹುಳಿಪುಡಿ, ಅವಲಕ್ಕಿಗಳ ಗಂಟಿನೊಡನೆ ಒಂದು ಮಾತನ್ನೂ ಕಟ್ಟಿ ಕಳುಹಿಸುತ್ತಾರೆ: “ಹೊರಗೆ ಎಲ್ಲಿಯೂ ಉಣ್ಣಬೇಡ.” ವ್ಯಾಸಂಗಕ್ಕೆ ನೆರವಾಗುವ ದಾನಿಗಳಲ್ಲಿಯೂ ಕೆಲವರು ಇದನ್ನೇ ಬಯಸುವುದುಂಟು. ಈ ಮಾತಿನ ಹಿಂದಿರುವ ವಾತ್ಸಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಉಪದೇಶ ಅವರು ಬಯಸಿದ ಫಲವನ್ನು ಕೊಡುತ್ತದೆಯೇ ಎಂಬುದು ವಿಚಾರಮಾಡತಕ್ಕ ವಿಷಯ.

ಹಿರಿಯರ ಭಯಕ್ಕೆ ಎರಡು ಮುಖಗಳಿವೆ. ಮೊದಲನೆಯದು ಆಚಾರದ್ದು. ಮಾಂಸ ಬೇಯುವ ಅಡಿಗೆಮನೆಯಲ್ಲಿ ಒಮ್ಮೆ ಉಂಡರೆ ಮುಂದೆ ಗೆರೆ ಎಲ್ಲಿ ನಿಂತೀತು ಎಂಬ ಶಂಕೆ ನಿರಾಧಾರವಾದುದಲ್ಲ. ಎರಡನೆಯದು ಹಣದ್ದು. ಅಮೆರಿಕದ ಸಾಧಾರಣ ಭೋಜನಶಾಲೆಯಲ್ಲಿ 15 ಡಾಲರ್ ಕೊಟ್ಟು ಉಂಡ ಒಂದು ಊಟ, ಡಾಲರಿಗೆ 84 ರೂಪಾಯಿಯಂತೆ ಲೆಕ್ಕ ಹಾಕಿದರೆ, 1,260 ರೂಪಾಯಿಗಳಾಗುತ್ತದೆ. 2024–25ರಲ್ಲಿ ಕೇಂದ್ರ ಸರಕಾರವು ರಾಗಿಗೆ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಎಂದರೆ, ಮಗನು ಒಂದು ಹೊತ್ತು ಹೊರಗೆ ಉಂಡರೆ ಊರಿನಲ್ಲಿ ತಂದೆ ಬೆಳೆದ 29 ಕಿಲೋ ರಾಗಿ ಸಂದಾಯವಾದಂತೆ. ಹೊಲವನ್ನು ಅಡವಿಟ್ಟು ಸಾಲ ತೆಗೆದ ಮನೆಯ ಹುಡುಗನು ಈ ಲೆಕ್ಕವನ್ನು ಮರೆಯಬೇಕೆಂದು ಯಾರೂ ಹೇಳಲಾರರು.

ಆದರೂ ಈ ಲೆಕ್ಕಕ್ಕೆ ಇನ್ನೊಂದು ಪುಟವಿದೆ. ಹೊರಗೆ ಉಣ್ಣಲು ಅಂಜಿದ ವಿದ್ಯಾರ್ಥಿ ಎಲ್ಲ ದಿನಗಳಲ್ಲಿಯೂ ಅಡಿಗೆ ಮಾಡಿ ಉಣ್ಣುತ್ತಾನೆಂಬ ಭರವಸೆಯಿಲ್ಲ. ಅಡಿಗೆ ಬಾರದವನು ಬ್ರೆಡ್ಡು ಹಣ್ಣುಗಳಲ್ಲಿ ಹೊತ್ತು ಕಳೆಯುತ್ತಾನೆ. ಪರೀಕ್ಷೆಯ ದಿನಗಳಲ್ಲಿ ಅದನ್ನೂ ಬಿಡುತ್ತಾನೆ. ತರಗತಿ ಮುಗಿದೊಡನೆ ಸಹಪಾಠಿಗಳೆಲ್ಲ ಊಟಕ್ಕೆಂದು ಒಟ್ಟಾಗಿ ಹೊರಟಾಗ ಇವನೊಬ್ಬನು ನೆಪ ಹೇಳಿ ಕೋಣೆಗೆ ಹಿಂದಿರುಗುತ್ತಾನೆ. ಪಾಠದಲ್ಲಿ ಅರ್ಥವಾಗದುದನ್ನು ಕೇಳಿ ತಿಳಿಯುವುದು, ಆ ನಾಡಿನ ಮಾತಿನ ಧಾಟಿ ಕಿವಿಗೆ ಬೀಳುವುದು, ಸ್ನೇಹಗಳು ಕುದುರುವುದು, ಇವೆಲ್ಲ ಬಹುಮಟ್ಟಿಗೆ ನಡೆಯುವುದು ಊಟದ ಮೇಜಿನ ಸುತ್ತಲೇ. ಅಷ್ಟು ದೂರ ಹೋಗಿಯೂ ಆ ಮೇಜಿನಿಂದ ದೂರ ಉಳಿದವನು ಪದವಿಯನ್ನು ತರಬಹುದು. ದೇಶವನ್ನು ಕಂಡು ಬಂದನೆಂದು ಹೇಳುವುದು ಕಷ್ಟ.

ಈ ವಿಷಯದಲ್ಲಿ ಮಹಾತ್ಮಾ ಗಾಂಧಿಯವರ ವಿದ್ಯಾರ್ಥಿಜೀವನಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. 1888ರಲ್ಲಿ ಅವರು ಬೇಚರ್ಜಿ ಸ್ವಾಮಿಗಳೆಂಬ ಜೈನ ಸಾಧುಗಳ ಸಮಕ್ಷಮದಲ್ಲಿ ತಾಯಿಗೆ ಮಾತು ಕೊಟ್ಟು ಲಂಡನ್ನಿಗೆ ಹೋದರು. ಮಾಂಸವನ್ನು ಮುಟ್ಟೆನೆಂಬುದು ಆ ಮಾತುಗಳಲ್ಲಿ ಒಂದು. ಮೊದಲ ದಿನಗಳಲ್ಲಿ ಅವರು ಹಸಿದೇ ಇದ್ದರು. ಉಪ್ಪುಖಾರವಿಲ್ಲದ ಬೇಯಿಸಿದ ತರಕಾರಿ ಅವರಿಗೆ ರುಚಿಸಲಿಲ್ಲ. ಬಿಡಾರದ ಮನೆಯವರನ್ನು ಇನ್ನೂ ಎರಡು ಚೂರು ಬ್ರೆಡ್ಡು ಕೇಳಲು ಸಂಕೋಚ. ಆದರೆ ಅವರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಊಟದ ಮನೆಯನ್ನು ಅರಸಿದರು. ಹೀಗೆ ಅಲೆಯುತ್ತಿದ್ದಾಗ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಭೋಜನಶಾಲೆ ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಕಾಲಿಟ್ಟ ಮೇಲೆ ಅವರು ಹೊಟ್ಟೆತುಂಬ ಉಂಡುದು ಅಂದೇ ಮೊದಲು. ಅಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಸಸ್ಯಾಹಾರ ಪ್ರತಿಪಾದನೆಯ ಪುಸ್ತಕವನ್ನು ಒಂದು ಶಿಲಿಂಗಿಗೆ ಕೊಂಡು ಓದಿದರು. ಅದುವರೆಗೆ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸವನ್ನು ಬಿಟ್ಟಿದ್ದವರು ಅಂದಿನಿಂದ ತಮ್ಮ ಸ್ವಂತ ವಿಚಾರದಿಂದ ಸಸ್ಯಾಹಾರಿಗಳಾದರು. ಮುಂದೆ ಲಂಡನ್ನಿನ ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಯಲ್ಲಿ ಸೇರಿದರು. ಅವರ ಮೊದಲ ಲೇಖನಗಳು ಅಚ್ಚಾದುದೂ ಆ ಬಳಗದ ಪತ್ರಿಕೆಯಲ್ಲಿಯೇ. ವ್ರತವು ನಂಬಿಕೆಯಾಗಿ ಗಟ್ಟಿಗೊಂಡುದು ಹೋಟೆಲಿನ ಬಾಗಿಲಿನಲ್ಲಿ ಎಂಬುದನ್ನು ಹಿರಿಯರು ಗಮನಿಸಬೇಕು.

ಅವರ ಮಿತವ್ಯಯವೂ ಅಷ್ಟೇ ಅನುಕರಣೀಯವಾದುದು. ಒಂದೊಂದು ಕಾಸಿನ ಲೆಕ್ಕವನ್ನೂ ಬರೆದಿಡುತ್ತಿದ್ದ ಅವರು ಕಡೆಗೆ ಒಂದು ಕೋಣೆ ಹಿಡಿದು ಬೆಳಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ರಾತ್ರಿ ಬ್ರೆಡ್ಡು ಮತ್ತು ಕೋಕೋ ತಾವೇ ಮಾಡಿಕೊಂಡು, ಮಧ್ಯಾಹ್ನದ ಊಟವನ್ನು ಮಾತ್ರ ಹೊರಗೆ ಉಣ್ಣುತ್ತಿದ್ದರು. ದಿನಕ್ಕೆ ಒಂದು ಶಿಲಿಂಗು ಮೂರು ಪೆನ್ನಿಯಲ್ಲಿ ಅವರ ಆಹಾರದ ವೆಚ್ಚ ಮುಗಿಯುತ್ತಿತ್ತು. ಮನೆಯ ಅಡಿಗೆಯೂ ಹೊರಗಿನ ಊಟವೂ ಒಂದಕ್ಕೊಂದು ಶತ್ರುಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂದಿಗಿಂತ ಇಂದಿನ ವಿದ್ಯಾರ್ಥಿಯ ದಾರಿ ಸುಗಮವಾಗಿದೆ. ಜರ್ಮನಿಯಲ್ಲಿ ವಿಶ್ವವಿದ್ಯಾಲಯಗಳ ‘ಮೆನ್ಸಾ’ ಎಂಬ ಭೋಜನಶಾಲೆಗಳು ವಿದ್ಯಾರ್ಥಿಗಳಿಗೆ ಕಡಿಮೆ ದರದಲ್ಲಿ ಊಟ ಕೊಡುತ್ತವೆ. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾಲಯದಲ್ಲಿ 2010ರಲ್ಲಿಯೇ ಕೇವಲ ಸಸ್ಯಾಹಾರದ ಮೆನ್ಸಾ ಆರಂಭವಾಯಿತು. ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಹಾಲು, ಮೊಟ್ಟೆ, ಮೀನು ಮೊದಲಾದ 14 ಬಗೆಯ ಪದಾರ್ಥಗಳು ತಿನಿಸಿನಲ್ಲಿದ್ದರೆ ಹೋಟೆಲಿನವರು ಗಿರಾಕಿಗೆ ತಿಳಿಸಲೇಬೇಕು. ಇದು ಅಲರ್ಜಿ ಇರುವವರಿಗಾಗಿ ಮಾಡಿದ ನಿಯಮವಾದರೂ ಮೊಟ್ಟೆ ಮೀನುಗಳನ್ನು ಬಿಟ್ಟವರಿಗೂ ಉಪಕಾರಿ. ಆದರೂ ಎಚ್ಚರ ತಪ್ಪಬಾರದು. ಪಾಶ್ಚಾತ್ಯರ ಮಾತಿನಲ್ಲಿ ‘ವೆಜಿಟೇರಿಯನ್’ ಎಂದರೆ ಸಾಮಾನ್ಯವಾಗಿ ಮೊಟ್ಟೆಯೂ ಸೇರಿರುತ್ತದೆ. ಜಪಾನಿನ ತರಕಾರಿ ಸಾರಿಗೆ ಬಹುತೇಕ ಮೀನಿನ ರಸವೇ ಆಧಾರ. ಥಾಯ್ ಪಲ್ಯಗಳಿಗೆ ಮೀನಿನ ಸಾಸ್ ಬೀಳುತ್ತದೆ. ಮೆಕ್ಸಿಕೋದ ಬೀನ್ಸ್ ಕಾಳಿನ ಅಡಿಗೆಗೆ ಕೆಲವೆಡೆ ಹಂದಿಯ ಕೊಬ್ಬು ಹಾಕುತ್ತಾರೆ. ಕೆಲವು ಗಿಣ್ಣುಗಳಲ್ಲಿ ಕರುವಿನ ಜಠರದ ರೆನ್ನೆಟ್ ಇರುತ್ತದೆ. ಇವನ್ನೆಲ್ಲ ತಿಳಿದವನು ಬಡಿಸುವವನನ್ನು ವಿನಯದಿಂದ ಕೇಳಿ ಉಣ್ಣುತ್ತಾನೆ. ತಿಳಿಯದವನು ಅಂಜಿ ಹಸಿದಿರುತ್ತಾನೆ, ಇಲ್ಲವೆ ಅರಿಯದೆ ಉಣ್ಣುತ್ತಾನೆ. ಹೋಬರ್ನಿನ ದೊಡ್ಡ ಹೋಟೆಲಿನಲ್ಲಿ ಸೂಪಿನಲ್ಲಿ ಮಾಂಸವಿದೆಯೇ ಎಂದು ಕೇಳಹೊರಟ ಗಾಂಧಿಯವರನ್ನು ಜೊತೆಯ ಸ್ನೇಹಿತನು ಗದರಿಸಿದನು. ಅವರು ಎದ್ದು ಹೊರಬಂದು ಆ ರಾತ್ರಿ ಉಪವಾಸವಿದ್ದರು. ಇಂದು ಹಾಗೆ ಕೇಳುವುದು ಅನಾಗರಿಕವೆಂದು ಯಾರೂ ಎಣಿಸುವುದಿಲ್ಲ.

ಮಾಂಸ ಬೇಯುವ ಒಲೆಯ ಪಕ್ಕದಲ್ಲಿ ಬೆಂದ ಸಸ್ಯಾಹಾರವನ್ನು ಒಪ್ಪಬಹುದೇ ಬಾರದೇ ಎಂಬುದರಲ್ಲಿ ಮನೆಮನೆಗೂ ಭೇದವಿರಬಹುದು. ಒಪ್ಪದವನು ಶುದ್ಧ ಸಸ್ಯಾಹಾರದ ಹೋಟೆಲುಗಳನ್ನೂ, ಬೇಧವೆಣಿಸದೆ ಅನ್ನ ನೀಡುವ ಸಿಖ್ಖರ ಗುರುದ್ವಾರಗಳ ಲಂಗರನ್ನೂ ಹುಡುಕಿಕೊಳ್ಳಲಿ. ಜೊತೆಯವರೊಡನೆ ಹೋದಾಗ ಒಂದು ಲೋಟ ಹಣ್ಣಿನ ರಸ ಕುಡಿದರೂ ಸಾಕು. ತನ್ನ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಅವನು ನಿಶ್ಚಯಿಸಲಿ. ಪಕ್ಕದವನ ತಟ್ಟೆಯ ಕಾರಣದಿಂದ ಅವನ ಪಕ್ಕವನ್ನೇ ಬಿಟ್ಟೇಳುವುದು ಬೇಡ. ಪಂಕ್ತಿಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ನಾಡಿನಿಂದ ಹೋದವನು ಹೊಸದೊಂದು ಪಂಕ್ತಿಭೇದವನ್ನು ಕಡಲಾಚೆಗೆ ಕೊಂಡೊಯ್ದರೆ ಅದು ಆಚಾರವೆನಿಸದು. ಒಂದು ಕಾಲಕ್ಕೆ ಇಲ್ಲಿನ ಹಿರಿಯರಿಗೂ ಹೋಟೆಲೆಂದರೆ ಇದೇ ಭಯವಿತ್ತು. ಜಾತಿಗೊಂದು ಎಡೆಯೆಂದು ವಿಂಗಡಿಸಿದ ಕಾಫಿ ಹೋಟೆಲುಗಳಿದ್ದವು. ಇಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲುವವರಾರೂ ಹಿಟ್ಟು ರುಬ್ಬಿದವರು ಯಾರೆಂದು ವಿಚಾರಿಸುವುದಿಲ್ಲ. ಅದರಿಂದ ಯಾರ ಧರ್ಮವೂ ಕೆಟ್ಟಿಲ್ಲ.

ಹೋಟೆಲಿನ ಇನ್ನೊಂದು ಮಗ್ಗುಲನ್ನೂ ಮರೆಯಲಾಗದು. ವಿದೇಶಗಳಲ್ಲಿ ಅನೇಕ ವಿದ್ಯಾರ್ಥಿಗಳು ಉಣ್ಣಲು ಮಾತ್ರವಲ್ಲದೆ ದುಡಿಯಲೂ ಹೋಟೆಲಿಗೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಪದವಿ ವ್ಯಾಸಂಗದ ವೀಸಾ ಪಡೆದವರು ಪಾಠದ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ದುಡಿಯಬಹುದು. ತಟ್ಟೆ ತೊಳೆಯುವ, ಮೇಜು ಒರೆಸುವ ಈ ಕೆಲಸವನ್ನು ಮಕ್ಕಳು ಮನೆಯವರಿಂದ ಮುಚ್ಚಿಡುವುದೂ, ಮನೆಯವರು ಬಂಧುಗಳಿಂದ ಮುಚ್ಚಿಡುವುದೂ ಉಂಟು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವವರು ಇದಕ್ಕೆ ನಾಚಿದರೆ ಆ ಮಾತಿಗೆ ಬೆಲೆಯೆಲ್ಲಿ ಉಳಿಯಿತು?

ಹೀಗಿರುವಾಗ ಶಾಲೆಗಳೂ ದಾನಿಗಳೂ ಮಾಡಬಹುದಾದ ಕೆಲಸಗಳು ಹಲವಿವೆ. ಮಠದ ಶಾಲೆಗಳಲ್ಲಿ ದೊಡ್ಡ ಅಡಿಗೆಮನೆಗಳಿವೆ, ನುರಿತ ಅಡಿಗೆಯವರಿದ್ದಾರೆ. ಹೊರನಾಡಿಗೆ ಹೊರಟ ಹಳೆಯ ವಿದ್ಯಾರ್ಥಿ, ಹುಡುಗನಾಗಲಿ ಹುಡುಗಿಯಾಗಲಿ, ಹೊರಡುವ ಮುನ್ನ ಅಲ್ಲಿ ಹದಿನೈದು ದಿನ ನಿಂತು ಮುದ್ದೆ, ಸಾರು, ಪಲ್ಯ, ಚಪಾತಿಗಳನ್ನು ಮಾಡಲು ಕಲಿಯುವಂತಾಗಬೇಕು. ಹೆಚ್ಚಿನ ದಿನಗಳ ಊಟ ಸ್ವಂತ ಅಡಿಗೆಯದೇ ಆಗಿರಲಿ. ವ್ಯಾಸಂಗವೇತನ ಕೊಡುವವರು ವಾರಕ್ಕೊಂದು ಹೊರಗಿನ ಊಟದ ಹಣವನ್ನು ದುಂದೆಂದು ತಿಳಿಯದೆ ಪುಸ್ತಕದ ಹಣದಂತೆಯೇ ಎಣಿಸಬೇಕು. ಈಗಾಗಲೇ ಹೊರನಾಡಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಳ್ಳೆಯ, ಅಗ್ಗದ ಊಟದ ಮನೆಗಳನ್ನೂ, ಕೇಳಿ ತಿಳಿಯಬೇಕಾದ ಪದಾರ್ಥಗಳನ್ನೂ, ಒಟ್ಟಾಗಿ ಉಂಡಾಗ ಅವರವರ ಹಣ ಅವರವರೇ ಕೊಡುವ ರೂಢಿಯನ್ನೂ, ಅಮೆರಿಕದಲ್ಲಿ ಬಡಿಸಿದವರಿಗೆ ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20ರಷ್ಟು ಭಕ್ಷೀಸು ಕೊಡುವ ವಾಡಿಕೆಯನ್ನೂ ಬರೆದು ಕಳುಹಿಸಿದರೆ ಹೊಸಬರಿಗೆ ಮಹದುಪಕಾರವಾದೀತು.

ಎಲ್ಲಕ್ಕಿಂತ ಮಿಗಿಲಾಗಿ, ಬೀಳ್ಕೊಡುವಾಗ ಹೇಳುವ ಮಾತನ್ನು ಹಿರಿಯರು ಸ್ವಲ್ಪ ತಿದ್ದಿಕೊಳ್ಳಬೇಕು. “ಹೊರಗೆ ಉಣ್ಣಬೇಡ” ಎಂಬುದಕ್ಕೆ ಬದಲಾಗಿ “ತಿಳಿದು ಉಣ್ಣು, ಲೆಕ್ಕವಿಟ್ಟು ಉಣ್ಣು, ನಾಲ್ವರೊಡನೆ ಕುಳಿತು ಉಣ್ಣು” ಎಂದರೆ ಸಾಕು. ದಾಸೋಹದ ಪಂಕ್ತಿಯಲ್ಲಿ ಬೆಳೆದ ಮಗುವಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯ ಬೀಳಲಾರದು.