ಮಂಗನ ಕಾಯಿಲೆ: ಹೊಸ ಲಸಿಕೆಯ ಮುಂದಿರುವ ಹಳೆಯ ಪ್ರಶ್ನೆ

ಮಂಗನ ಕಾಯಿಲೆಗೆ ನೀಡುತ್ತಿದ್ದ ಲಸಿಕೆ ಸ್ಥಗಿತಗೊಂಡದ್ದು 2022ರಲ್ಲಿ. ಅದರ ಸಾಮರ್ಥ್ಯ ಕುಂದಿದೆ ಎಂಬುದೇ ಕಾರಣ. 2018-19ರಲ್ಲಿ ಅರಳಗೋಡಿನ ಸಾವುಗಳನ್ನು ಕಂಡ ಸಾಗರ, ನೆರೆಯ ಹೊಸನಗರ ಹಾಗೂ ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಉಣುಗಿನ ಭಯ ತಪ್ಪಿದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಂದಿಗೆ ಹೊಸ ಲಸಿಕೆಯ ಅಭಿವೃದ್ಧಿ ಕೈಗೊಂಡಿರುವುದರಿಂದ ಮಲೆನಾಡಿನ ನಿರೀಕ್ಷೆ ಸಹಜವಾಗಿಯೇ ಹೆಚ್ಚಿದೆ.

ಆದರೆ ಲಸಿಕೆ ಪಡೆದವನ ರಕ್ತದಲ್ಲಿ ಪ್ರತಿಕಾಯಗಳು ಕಾಣಿಸಿಕೊಂಡ ಮಾತ್ರಕ್ಕೆ ಆತ ಸುರಕ್ಷಿತನೇ? ಎಷ್ಟು ಪ್ರಮಾಣವಿದ್ದರೆ ಸಾಕು, ಅದು ಎಷ್ಟು ವರ್ಷ ಉಳಿಯುತ್ತದೆ?

ಕುದುರೆಗಳ ಇನ್ಫ್ಲುಯೆಂಜಾ ಲಸಿಕೆಯಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸ್ಪಷ್ಟ. ರಕ್ತದ ಪ್ರತಿಕಾಯ ಪ್ರಮಾಣಕ್ಕೂ ರಕ್ಷಣೆಗೂ ಇರುವ ನಂಟನ್ನು, ಲಸಿಕೆ ಹಾಕಿದ ಕುದುರೆಗಳಿಗೆ ವೈರಾಣುವನ್ನು ತಗುಲಿಸಿಯೇ ಪರೀಕ್ಷಿಸಲಾಗಿದೆ. ಅಲ್ಲಿಯೂ ವೈರಾಣು ರೂಪ ಬದಲಿಸಿದರೆ ಲೆಕ್ಕ ತಪ್ಪುತ್ತದೆ ಎಂಬುದು ಬೇರೆ ಮಾತು. ಮನುಷ್ಯರ ಮೇಲೆ ಅಂಥ ಪ್ರಯೋಗ ಸಲ್ಲದು.

ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಅಳೆದದ್ದು ಕಾಯಿಲೆ ಬಿದ್ದವರ ಎಣಿಕೆಯಿಂದ. 1990-92ರ ಅಧ್ಯಯನ ಎರಡು ಡೋಸ್‌ಗಳಿಗೆ ಶೇ 93.5ರಷ್ಟು ರಕ್ಷಣೆ ತೋರಿಸಿದರೆ, 2005-10ರ ಅವಧಿಯ ವಿಶ್ಲೇಷಣೆಯಲ್ಲಿ ಅದು ಶೇ 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಮಾತ್ರ ಶೇ 82.9. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಬಳಿಕ ಐದು ವರ್ಷ ಪ್ರತಿವರ್ಷ ಚುಚ್ಚುಮದ್ದು. ಅಡಿಕೆ ಕೊಯ್ಲು, ದರಗು ಸಂಗ್ರಹದ ನಡುವೆ, ನೋವು ಕೊಡುವ ಸೂಜಿಗೆ ಪ್ರತಿವರ್ಷ ತೋಳೊಡ್ಡಿ ಎಂದರೆ ಜನ ಹಿಂಜರಿದುದರಲ್ಲಿ ಅಚ್ಚರಿಯಿಲ್ಲ. ಇದೇ ಫ್ಲೇವಿವೈರಸ್ ಕುಟುಂಬದ ಹಳದಿ ಜ್ವರಕ್ಕೆ ಒಂದೇ ಡೋಸ್ ಜೀವನಪರ್ಯಂತ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಆದರೆ ಅದು ಜೀವಂತ ವೈರಾಣುವಿನ ಲಸಿಕೆ. ಹಳೆಯ ಮಂಗನ ಕಾಯಿಲೆ ಲಸಿಕೆ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ್ದು.

ಪ್ರಕರಣಗಳು ಒಂದು ವರ್ಷ ಒಂದು ಊರಿನಲ್ಲಿ, ಮರುವರ್ಷ ಇನ್ನೆಲ್ಲೋ ಕಾಣಿಸಿಕೊಳ್ಳುವುದರಿಂದ ಹೊಸ ಲಸಿಕೆಯನ್ನು ಕಾಯಿಲೆಯ ಎಣಿಕೆಯಿಂದಷ್ಟೇ ಅಳೆಯುವುದು ಕಷ್ಟ. ಪ್ರತಿಕಾಯಗಳನ್ನೇ ಆಶ್ರಯಿಸಬೇಕಾಗುತ್ತದೆ. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದವರ ರಕ್ತದಲ್ಲೂ ಅವು ಇರುತ್ತವಾದ್ದರಿಂದ ಆರಂಭದ ಮಾದರಿ ಸಂಗ್ರಹಿಸದೆ ಮುಂದಿನ ಅಂಕಿಗಳಿಗೆ ಅರ್ಥವಿರದು. ಬೂಸ್ಟರ್ ವರ್ಷಕ್ಕೊಮ್ಮೆ ಬೇಕೋ, ಐದು ವರ್ಷಕ್ಕೊಮ್ಮೆ ಸಾಕೋ ಎಂಬುದನ್ನು ನಿರ್ಧರಿಸಲು ಅದೇ ಜನರನ್ನು ಹಲವು ಋತುಗಳ ಕಾಲ ಪರೀಕ್ಷಿಸಬೇಕು. ಅಷ್ಟರವರೆಗೆ ಲಸಿಕೆ ಪಡೆದವರೂ ಉಣುಗು ನಿವಾರಕ ತೈಲ ಹಚ್ಚದೆ ಕಾಡಿಗೆ ಕಾಲಿಡುವಂತಿಲ್ಲ.