ಮರೆವು ಮದ್ದಲ್ಲ

ದುಃಖದ ಮನೆಗೆ ಹೋದಾಗ ನಾವು ಆಡುವ ಮಾತುಗಳು ಕೆಲವೇ. “ಆದದ್ದು ಆಗಿಹೋಯಿತು, ಅದನ್ನೇ ನೆನೆಯುತ್ತ ಕೂತರೆ ಏನು ಫಲ? ಮರೆತುಬಿಡು, ಮನಸ್ಸು ಗಟ್ಟಿ ಮಾಡಿಕೊ” ಎನ್ನುತ್ತೇವೆ. ಹೇಳುವವರ ಮನಸ್ಸಿನಲ್ಲಿ ಕಪಟವಿರುವುದಿಲ್ಲ, ಕೇಳುವವರೂ ತಲೆಯಾಡಿಸುತ್ತಾರೆ. ಕಾಲವು ಎಲ್ಲ ಗಾಯಗಳನ್ನೂ ಮಾಯಿಸುತ್ತದೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಬಹುಪಾಲು ದುಃಖಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕಾಲಕ್ಕೆ ಮಣಿಯದ ಕೆಲವು ಗಾಯಗಳುಂಟು. ಯುದ್ಧ, ಅಪಘಾತ, ಪ್ರವಾಹ, ಬೆಂಕಿ, ಮನುಷ್ಯನು ಮನುಷ್ಯನ ಮೇಲೆಯೇ ನಡೆಸುವ ಕ್ರೌರ್ಯ, ಇವುಗಳ ಬಾಯಿಂದ ಪಾರಾಗಿ ಬಂದವರಲ್ಲಿ ಕೆಲವರಿಗೆ ಆ ಗಳಿಗೆಯು ಕಳೆದುಹೋಗುವುದೇ ಇಲ್ಲ. ಹತ್ತು ವರ್ಷಗಳ ಮೇಲೆಯೂ ಒಂದು ಸದ್ದು, ಒಂದು ವಾಸನೆ ಅವರನ್ನು ಆ ಜಾಗಕ್ಕೇ ಎಳೆದೊಯ್ಯುತ್ತದೆ. ಅಂಥವರ ಪಾಲಿಗೆ ‘ಮರೆತುಬಿಡು’ ಎಂಬ ನಮ್ಮ ಸಾಂತ್ವನವು ಮದ್ದೋ ಅಪಥ್ಯವೋ ಎಂಬುದು ವಿಚಾರ ಮಾಡತಕ್ಕ ಸಂಗತಿ.

ನೂರು ವರ್ಷಗಳಿಗೂ ಹಿಂದೆ ಈ ಪ್ರಶ್ನೆಯನ್ನೆತ್ತಿ, ರೋಗಿಗಳ ಮಗ್ಗುಲಲ್ಲಿ ಕುಳಿತೇ ಅದಕ್ಕೆ ಉತ್ತರವನ್ನು ಅರಸಿದವರಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಆಂಗ್ಲ ವೈದ್ಯರು ಮುಖ್ಯರು. ಈ ಹೆಸರು ನಮ್ಮ ಕಡೆಗೆ ತೀರ ಹೊಸದಲ್ಲ. 1901–02ರಲ್ಲಿ ಅವರು ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ನಡುವೆ ತಿಂಗಳುಗಟ್ಟಲೆ ಇದ್ದು, ಆ ಜನರ ಎಮ್ಮೆಗಳು, ಹಾಲುಮನೆಗಳು, ವಂಶಾವಳಿಗಳು, ವಿಧಿ ನಿಷೇಧಗಳು ಎಲ್ಲವನ್ನೂ ಕೇಳಿ ಬರೆದುಕೊಂಡು, 1906ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಪರರ ಮಾತನ್ನು ಅವಸರವಿಲ್ಲದೆ ಕೇಳುವ ವಿದ್ಯೆಯು ಅವರಿಗೆ ಅಂದೇ ಕೈವಶವಾಗಿದ್ದಿರಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1916ರಿಂದ 1917ರವರೆಗೆ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಸೈನಿಕ ಆಸ್ಪತ್ರೆಯಲ್ಲಿ ಅವರಿಗೆ ಆ ವಿದ್ಯೆಯೇ ನೆರವಿಗೆ ಬಂದಿತು.

ಆ ಆಸ್ಪತ್ರೆಗೆ ಬರುತ್ತಿದ್ದ ಸೈನ್ಯಾಧಿಕಾರಿಗಳ ಮೈಮೇಲೆ ಬಹುಮಟ್ಟಿಗೆ ಗಾಯಗಳಿರಲಿಲ್ಲ. ಆದರೆ ಕೆಲವರ ಕೈ ನಡುಗುತ್ತಿತ್ತು. ಕೆಲವರ ಮಾತು ತೊದಲುತ್ತಿತ್ತು. ರಾತ್ರಿಯಾದರೆ ಕೋಣೆಕೋಣೆಗಳಿಂದ ಚೀತ್ಕಾರಗಳು ಕೇಳಿಬರುತ್ತಿದ್ದುವು. ಸಿ. ಎಸ್. ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ಬರೆದ ಲೇಖನದಿಂದ ‘ಷೆಲ್ ಷಾಕ್’ ಎಂಬ ಹೆಸರು ಪ್ರಸಿದ್ಧವಾಗಿತ್ತು. ಫಿರಂಗಿಯ ಗುಂಡು ಸಿಡಿದ ರಭಸಕ್ಕೆ ಮಿದುಳು ಅದುರಿ ಹೀಗಾಗುತ್ತದೆಂದು ಮೊದಲಲ್ಲಿ ಊಹಿಸಿದರು. ಗುಂಡು ಬಿದ್ದ ಸ್ಥಳದ ಹತ್ತಿರ ಸುಳಿಯದವರಲ್ಲಿಯೂ ಅದೇ ಚಿಹ್ನೆಗಳು ಕಾಣಿಸಿಕೊಂಡಾಗ ಆ ಊಹೆ ನಿಲ್ಲಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆಯೊಂದರಲ್ಲೇ ಇಂಥ ಸುಮಾರು 80,000 ಪ್ರಕರಣಗಳು ದಾಖಲಾದುವು. ಸೇನೆಯಲ್ಲಿ ಅನೇಕರ ಕಣ್ಣಿಗೆ ಇದು ಹೇಡಿತನವಾಗಿ ತೋರಿತು. ಲಂಡನ್ನಿನಲ್ಲಿ ಮಾತು ನಿಂತುಹೋದ ಸಿಪಾಯಿಗಳ ಗಂಟಲಿಗೆ ವಿದ್ಯುತ್ತಿನ ಆಘಾತ ಕೊಟ್ಟು ಮಾತಾಡಿಸುವ ಚಿಕಿತ್ಸೆಯೂ ನಡೆಯಿತು. ಪಲಾಯನ, ಹೇಡಿತನ ಮೊದಲಾದ ಅಪರಾಧಗಳಿಗಾಗಿ ಗುಂಡಿಕ್ಕಿ ಕೊಲ್ಲಲ್ಪಟ್ಟ 306 ಮಂದಿ ಸೈನಿಕರಿಗೆ ಬ್ರಿಟಿಷ್ ಸರಕಾರವು ಕ್ಷಮಾದಾನವನ್ನಿತ್ತದ್ದು 2006ರಲ್ಲಿ. ಅವರಲ್ಲಿ ಎಷ್ಟು ಮಂದಿ ಮನಸ್ಸು ಮುರಿದವರಾಗಿದ್ದರೆಂದು ಇಂದು ಎಣಿಸಿ ಹೇಳುವಂತಿಲ್ಲ. ಎಣಿಸಬೇಕಾಗಿದ್ದ ದಿನ ಯಾರೂ ಅವರನ್ನು ಕೇಳಲಿಲ್ಲ ಎಂಬುದೇ ಇಲ್ಲಿಯ ದುರಂತ.

ರಿವರ್ಸ್ ಕೇಳಿದರು. ತಮ್ಮ ಅನುಭವವನ್ನು 1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯೊಂದರ ಮುಂದೆ ಓದಿದ ಪ್ರಬಂಧದಲ್ಲಿ ಅವರು ನಿರೂಪಿಸಿದ್ದಾರೆ. ಅದು ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ತಮ್ಮ ಬಳಿಗೆ ಬಂದವರಲ್ಲಿ ಹೆಚ್ಚಿನವರಿಗೆ ವೈದ್ಯರು, ಬಂಧುಗಳು, ಮಿತ್ರರು ಎಲ್ಲರೂ ಕೊಟ್ಟಿದ್ದ ಉಪದೇಶ ಒಂದೇ ಎಂಬುದನ್ನು ಅವರು ಗಮನಿಸಿದರು: ಯುದ್ಧದ ಯೋಚನೆಯನ್ನು ಬಿಡು, ಚೆಲುವಾದುದನ್ನು ನೆನೆ. ಆ ಯುವಕರು ವಿಧೇಯತೆಯಿಂದ ಹಾಗೆಯೇ ನಡೆದುಕೊಂಡಿದ್ದರು. ಹಗಲೆಲ್ಲ ಗಟ್ಟಿಯಾಗಿ ಬಾಗಿಲು ಹಾಕಿಕೊಂಡಿದ್ದ ನೆನಪು ರಾತ್ರಿ ಕನಸಾಗಿ ನುಗ್ಗುತ್ತಿತ್ತು. ನಿದ್ದೆಯೇ ಭಯವಾಗಿ ಪರಿಣಮಿಸಿತ್ತು.

ಅವರು ಹೇಳುವ ಒಂದು ಪ್ರಸಂಗವನ್ನು ಇಲ್ಲಿ ಸಂಗ್ರಹಿಸಿ ಕೊಡುವುದು ಉಚಿತ. ಒಬ್ಬ ತರುಣ ಅಧಿಕಾರಿಯು ತನ್ನ ಗೆಳೆಯನನ್ನು ಹುಡುಕಿಕೊಂಡು ಹೋಗಿ, ಫಿರಂಗಿಯ ಗುಂಡಿಗೆ ಛಿದ್ರವಾಗಿದ್ದ ಅವನ ದೇಹವನ್ನು ಕಂಡಿದ್ದನು. ಅಂದಿನಿಂದ ಆ ಗೆಳೆಯನು ಪ್ರತಿರಾತ್ರಿಯೂ ಕನಸಿನಲ್ಲಿ ವಿಕಾರರೂಪದಿಂದ ಅವನತ್ತ ಬರುತ್ತಿದ್ದನು. ರಿವರ್ಸ್ ಅವನಿಗೆ ‘ಮರೆ’ ಎನ್ನಲಿಲ್ಲ; ಆ ದೃಶ್ಯವನ್ನೇ ತಮ್ಮೊಡನೆ ಕೂಡಿ ಮತ್ತೊಮ್ಮೆ ನೋಡುವಂತೆ ಮಾಡಿದರು. ದೇಹವು ಅಷ್ಟೊಂದು ಛಿದ್ರವಾಗಿದ್ದಿತೆಂದರೆ ಸಾವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದಿರಬೇಕು, ಗೆಳೆಯನು ನರಳಿರಲಾರನು ಎಂಬುದನ್ನು ತೋರಿಸಿಕೊಟ್ಟರು. ತರುಣನ ಮುಖ ತಿಳಿಯಾಯಿತು. ಕೆಲವು ರಾತ್ರಿಗಳು ಕನಸಿಲ್ಲದೆ ಕಳೆದುವು. ಆಮೇಲೆ ಒಂದು ರಾತ್ರಿ ಅದೇ ಕನಸು, ಅದೇ ದೇಹ. ಆದರೆ ಈ ಸಲ ಬೀಭತ್ಸವಿರಲಿಲ್ಲ. ಅವನು ಗೆಳೆಯನ ಪಕ್ಕದಲ್ಲಿ ಮಂಡಿಯೂರಿ, ಮನೆಯವರಿಗೆ ಕಳುಹಿಸಬೇಕಾದ ವಸ್ತುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದನು. ಎಚ್ಚರವಾದಾಗ ಮೆಲ್ಲನೆ ಅಳುತ್ತಿದ್ದನು. ಹೆದರಿಕೆಯಿಂದಲ್ಲ, ಗೆಳೆಯನನ್ನು ಕಳೆದುಕೊಂಡ ವ್ಯಥೆಯಿಂದ.

ಮನೋಚಿಕಿತ್ಸೆ ಎಂದರೇನು ಎಂಬುದನ್ನು ಈ ಕಣ್ಣೀರು ತಿಳಿಸಿದಷ್ಟು ಸ್ಪಷ್ಟವಾಗಿ ವ್ಯಾಖ್ಯೆಗಳು ತಿಳಿಸಲಾರವು. ಆ ತರುಣನು ಏನನ್ನೂ ಮರೆಯಲಿಲ್ಲ. ಭಯವಾಗಿದ್ದುದು ಶೋಕವಾಯಿತು. ಭಯವು ಸದಾ ವರ್ತಮಾನಕ್ಕೆ ಸೇರಿದ್ದು. ಶೋಕವು ಆಗಿಹೋದುದಕ್ಕೆ ಸಲ್ಲುವಂಥದು. ಕಳೆದುಹೋಗದೆ ನಿಂತಿದ್ದ ಗಳಿಗೆಯೊಂದು ಅಂದು ಕಳೆದುಹೋಯಿತು.

ರಿವರ್ಸ್ ತಮ್ಮ ವಿಧಾನವನ್ನು ಸರ್ವರೋಗನಿವಾರಕವೆಂದು ಸಾರಲಿಲ್ಲ ಎಂಬುದನ್ನೂ ಹೇಳಬೇಕು. ಸಿಡಿತದ ರಭಸಕ್ಕೆ ಎಸೆಯಲ್ಪಟ್ಟು, ಕೊಳೆತ ಶವವೊಂದರ ಮೇಲೆ ಮುಖವಡಿಯಾಗಿ ಬಿದ್ದವನೊಬ್ಬನ ಕಥೆಯನ್ನು ಅವರು ಅದೇ ಪ್ರಬಂಧದಲ್ಲಿ ಹೇಳುತ್ತಾರೆ. ಆ ನೆನಪಿನಲ್ಲಿ ಹಿಡಿದುಕೊಳ್ಳಲು ಯಾವ ಸಮಾಧಾನದ ಎಳೆಯೂ ಅವರಿಗೆ ಸಿಕ್ಕಲಿಲ್ಲ. ಸೈನ್ಯವನ್ನು ಬಿಟ್ಟು ಹಳ್ಳಿಗಾಡಿನ ಬದುಕಿಗೆ ಮರಳುವಂತೆ ಅವನಿಗೆ ಸಲಹೆಯಿತ್ತರು. ಹಗಲಿರುಳೂ ಅದನ್ನೇ ಮೆಲುಕು ಹಾಕುವುದೂ ಸಲ್ಲದೆಂದು ಅವರು ಎಚ್ಚರಿಸಿದರು.

ಅಂದು ತಡವರಿಸುತ್ತ ಕಂಡುಕೊಂಡುದನ್ನು ಇಂದಿನ ಶಾಸ್ತ್ರವು ಬಹಳ ಮಟ್ಟಿಗೆ ದೃಢಪಡಿಸಿದೆ. ವಿಯೆಟ್ನಾಮ್ ಯುದ್ಧದಿಂದ ಮರಳಿದವರ ಸಂಕಟವನ್ನು ಕಂಡಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ಒತ್ತಡದ ಬೇನೆಯನ್ನು ಒಂದು ರೋಗವೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ನೆನಪು ಕರೆಯದೆ ಬಂದು ಕಾಡುವುದು, ಅದನ್ನು ಎಬ್ಬಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು, ಸದಾ ಬೆಚ್ಚುವ ಸ್ಥಿತಿಯಲ್ಲಿರುವುದು ಅದರ ಮುಖ್ಯ ಲಕ್ಷಣಗಳು. ಇವುಗಳಲ್ಲಿ ನಡುವಣದೇ ಬೇನೆಯನ್ನು ಸಾಕುವಂಥದು. ದೂರ ಸರಿದಾಗಲೆಲ್ಲ ಆ ಕ್ಷಣಕ್ಕೆ ನೆಮ್ಮದಿಯಾಗುತ್ತದೆ. ಆದರೆ ಅಪಾಯವು ಮುಗಿದಿದೆ ಎಂಬುದನ್ನು ಮನಸ್ಸು ಕಲಿಯುವ ಅವಕಾಶವೂ ತಪ್ಪುತ್ತದೆ. ಆದುದರಿಂದಲೇ ಚಿಕಿತ್ಸಕರು ವಾರವಾರವೂ ಗೊತ್ತಾದ ವೇಳೆಯಲ್ಲಿ, ಭಯವಿಲ್ಲದ ಕೋಣೆಯಲ್ಲಿ, ರೋಗಿಯ ಒಪ್ಪಿಗೆಯಿಂದ ಆ ನೆನಪನ್ನು ಸ್ವಲ್ಪಸ್ವಲ್ಪವಾಗಿ ಮಾತಿಗೆ ತರಿಸುತ್ತಾರೆ. ‘ತಪ್ಪು ನನ್ನದೇ’ ಎಂಬಂಥ ಎಣಿಕೆಗಳನ್ನು ಅವರೊಡನೆ ಕೂತು ಪರೀಕ್ಷಿಸುತ್ತಾರೆ. ಬಿಟ್ಟುಕೊಟ್ಟ ದಾರಿಯಲ್ಲಿ ಮತ್ತೆ ನಡೆಯುವ ಧೈರ್ಯವನ್ನು ಕಲಿಸುತ್ತಾರೆ. ಅವಶ್ಯವಾದಲ್ಲಿ ಔಷಧಿಗಳೂ ಜೊತೆಗುಂಟು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೋಕದಲ್ಲಿ ನೂರಕ್ಕೆ ಸುಮಾರು 70 ಮಂದಿ ತಮ್ಮ ಬಾಳಿನಲ್ಲಿ ಎಂದಾದರೊಮ್ಮೆ ಇಂಥ ಆಘಾತಕರ ಸಂದರ್ಭವನ್ನು ಎದುರಿಸುತ್ತಾರೆ. ಬೇನೆಗೆ ಒಳಗಾಗುವವರು ಅವರಲ್ಲಿ ಒಂದು ಸಣ್ಣ ಭಾಗ ಮಾತ್ರ. ಮನುಷ್ಯನ ಮನಸ್ಸು ಅಷ್ಟು ಸುಲಭವಾಗಿ ಮುರಿಯುವ ಪದಾರ್ಥವಲ್ಲ. ಆದುದರಿಂದ ಎಲ್ಲರನ್ನೂ ರೋಗಿಗಳೆಂದೆಣಿಸಿ, ದುರ್ಘಟನೆಯ ಮರುದಿನವೇ ಸುತ್ತುವರಿದು ‘ಏನಾಯಿತು ಹೇಳು’ ಎಂದು ಒತ್ತಾಯಿಸುವುದೂ ಹಿತವಲ್ಲ. ಅದರಿಂದ ಕೆಲವೊಮ್ಮೆ ಕೇಡೇ ಆಗುತ್ತದೆಂದು ಈಗ ತಿಳಿದುಬಂದಿದೆ. ಮೊದಲು ಬೇಕಾದವು ಅನ್ನ, ನೀರು, ಹೊದಿಕೆ, ತನ್ನವರ ಸುದ್ದಿ, ಹತ್ತಿರ ಕೂಡುವ ಒಬ್ಬರು. ‘ಮರೆ’ ಎಂದು ಬಾಯಿ ಮುಚ್ಚಿಸುವುದೂ ‘ಹೇಳು’ ಎಂದು ಬಾಯಿ ಬಿಡಿಸುವುದೂ ಒಂದೇ ತಪ್ಪಿನ ಎರಡು ಮುಖಗಳು. ಎರಡರಲ್ಲಿಯೂ ಗಾಯಗೊಂಡವನ ಇಷ್ಟಕ್ಕೆ ಸ್ಥಾನವಿಲ್ಲ.

ಕ್ರೇಗ್‌ಲಾಕ್‌ಹಾರ್ಟಿಗೆ ಇನ್ನೊಮ್ಮೆ ಹೋಗಬೇಕಾಗಿದೆ. ಕಾವ್ಯಾಭ್ಯಾಸಿಗಳು ಆ ಹೆಸರನ್ನು ಬಲ್ಲರು. ಯುದ್ಧವನ್ನು ಬೇಕೆಂದೇ ಲಂಬಿಸಲಾಗುತ್ತಿದೆಯೆಂದು ಬಹಿರಂಗವಾಗಿ ಪ್ರತಿಭಟಿಸಿದ ಕವಿ ಸೀಗ್‌ಫ್ರೀಡ್ ಸಸೂನ್ 1917ರ ಜುಲೈಯಲ್ಲಿ ಅಲ್ಲಿಗೆ ಕಳುಹಿಸಲ್ಪಟ್ಟು ರಿವರ್ಸರ ಕೈಗೆ ಬಂದನು. ಡಾಕ್ಟರ್ ಬ್ರಾಕ್ ಅವರ ಚಿಕಿತ್ಸೆಯಲ್ಲಿದ್ದ ವಿಲ್ಫ್ರೆಡ್ ಓವನ್ ಆಗಸ್ಟಿನಲ್ಲಿ ಅವನನ್ನು ಕಂಡು, ಅವನ ಸಲಹೆಯಿಂದ ತನ್ನ ಪದ್ಯಗಳನ್ನು ತಿದ್ದಿಕೊಂಡನು. ಆಸ್ಪತ್ರೆಯ ಕನಸುಗಳು ಹೀಗೆ ಕಾವ್ಯವಾದುವು. ಆದರೆ ಇಬ್ಬರೂ ಮತ್ತೆ ರಣರಂಗಕ್ಕೆ ಮರಳಿದರು. ಓವನ್ 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, ತನ್ನ 25ನೆಯ ವಯಸ್ಸಿನಲ್ಲಿ ಮಡಿದನು. ಯುದ್ಧವಿರಾಮದ ದಿನವೇ ಆ ತಂತಿ ಅವನ ತಾಯಿತಂದೆಗಳ ಮನೆಯನ್ನು ತಲುಪಿತು. ಗಾಯವನ್ನು ಮಾಯಿಸಿ ಗಾಯ ಮಾಡಿದ ಸ್ಥಳಕ್ಕೇ ಕಳುಹಿಸಿಕೊಡುವುದು ವೈದ್ಯಧರ್ಮವೆ ಎಂಬ ಪ್ರಶ್ನೆ ರಿವರ್ಸರನ್ನೂ ಬಿಡದೆ ಕಾಡಿತು.

ಈ ಪ್ರಶ್ನೆಯು ಯುದ್ಧಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ಹೊಡೆತ ತಿಂದ ಹೆಂಗಸನ್ನು ಸಮಾಧಾನಪಡಿಸಿ ಅದೇ ಮನೆಗೆ ಕಳುಹಿಸುವಾಗ, ಬೆದರಿದ ಮಗುವನ್ನು ಬೆದರಿಸಿದವರ ವಶಕ್ಕೇ ಒಪ್ಪಿಸುವಾಗ ನಾವೂ ಅದನ್ನೇ ಮಾಡುತ್ತೇವೆ. ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ ಅವರು 1992ರ ತಮ್ಮ ಪುಸ್ತಕದಲ್ಲಿ ಚೇತರಿಕೆಯ ಮೆಟ್ಟಿಲುಗಳನ್ನು ಹೇಳುವಾಗ ಮೊದಲನೆಯದಾಗಿ ಸುರಕ್ಷಿತತೆಯನ್ನು ಇಟ್ಟರು. ನೆನಪು ಮತ್ತು ಶೋಕ ಆಮೇಲಿನದು; ಲೋಕದೊಡನೆ ಮರುಸಂಬಂಧ ಕೊನೆಯದು. ಅಪಾಯವೇ ಮುಗಿಯದಿರುವಾಗ ಅದು ಮುಗಿದಿದೆಯೆಂದು ಮನಸ್ಸಿಗೆ ಕಲಿಸುವುದೆಂತು?

ನಮ್ಮ ನಾಡಿಗೂ ಈ ಕಾರ್ಯದಲ್ಲಿ ಒಂದು ಪಾಲಿದೆ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಮನಸ್ಸಿಗೆ ಪೆಟ್ಟು ಬಿದ್ದವರು ಅಸಂಖ್ಯ. ನೋಡಿಕೊಳ್ಳಬಲ್ಲ ಮನೋವೈದ್ಯರು ಅತ್ಯಲ್ಪ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಅಲ್ಲಿಯ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಈ ಕೆಲಸಕ್ಕೆ ಅಣಿಗೊಳಿಸಿದರು. ಕೇಳುವ ವಿದ್ಯೆಯನ್ನು ಕಲಿಸಬಹುದು, ಅದು ನಿಪುಣರ ಸೊತ್ತಾಗಿಯೇ ಉಳಿಯಬೇಕಾಗಿಲ್ಲ ಎಂಬುದನ್ನು ಆ ಪ್ರಯತ್ನ ತೋರಿಸಿತು. ಆದರೂ ದಾರಿ ದೂರವಿದೆ. ಅದೇ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆಗಳ ಬಗೆಯನ್ನನುಸರಿಸಿ, ಚಿಕಿತ್ಸೆ ದೊರೆಯದವರು ನೂರಕ್ಕೆ 70ರಿಂದ 92 ಮಂದಿ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಯಾರಾದರೂ, ಯಾವ ವೇಳೆಯಲ್ಲಾದರೂ, ಹಣ ತೆರದೆ, ಕನ್ನಡದಲ್ಲಿಯೇ ದೂರವಾಣಿ ಮಾಡಬಹುದು. ಪ್ರತಿಯೊಂದು ಶಾಲೆಯ ಗೋಡೆಯ ಮೇಲೆಯೂ ಈ ಸಂಖ್ಯೆ ಇರತಕ್ಕದ್ದು.

ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಚುರುಕಾಗಿದ್ದ ಹುಡುಗನು ಒಮ್ಮೆಗೇ ಮಂಕಾದರೆ, ಬಾಗಿಲು ಬಡಿದ ಸದ್ದಿಗೆ ಹುಡುಗಿಯೊಬ್ಬಳು ಬೆಚ್ಚಿಬಿದ್ದರೆ, ಅದನ್ನು ಸೋಮಾರಿತನ, ನಟನೆ ಎಂದು ತೀರ್ಮಾನಿಸುವ ಮುನ್ನ ಒಂದು ಗಳಿಗೆ ತಡೆಯೋಣ. ಪಾಠ ಮುಗಿದ ಮೇಲೆ ಮೆಲ್ಲನೆ ವಿಚಾರಿಸೋಣ. ಹೇಳಿದರೆ ನಂಬೋಣ, ಹೇಳದಿದ್ದರೆ, ಹೇಳಬೇಕೆನಿಸಿದ ದಿನ ನಾವಿದ್ದೇವೆಂದು ತಿಳಿಸೋಣ, ನಮ್ಮ ಶಕ್ತಿಗೆ ಮೀರಿದ್ದಾದರೆ ಬಲ್ಲವರಲ್ಲಿಗೆ ಕರೆದೊಯ್ಯೋಣ.

ರನ್ನನ ‘ಗದಾಯುದ್ಧ’ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಬಳಿಯಲ್ಲಿಯೂ ನಿಂತು ತನ್ನ ಎದೆಯನ್ನು ತೋಡಿಕೊಳ್ಳುತ್ತಾನೆ. ಸಾವಿರ ವರ್ಷಗಳಿಂದ ನಾವು ಆ ವಿಲಾಪವನ್ನು ಓದಿ ಮರುಗುತ್ತ ಬಂದಿದ್ದೇವೆ. ಆದರೆ ಅವನ ಪಕ್ಕದಲ್ಲಿ ಸಂಜಯನೂ ಇದ್ದಾನೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಆ ರಣಭೂಮಿಯಲ್ಲಿ ದುರ್ಯೋಧನನ ಜೊತೆಯಲ್ಲಿ ನಡೆಯಲು ಅವನೊಬ್ಬನಾದರೂ ಉಳಿದಿದ್ದನು. ನಮ್ಮ ಬೀದಿಯಲ್ಲಿ, ನಮ್ಮ ತರಗತಿಯಲ್ಲಿ, ನಮ್ಮ ಮನೆಯಲ್ಲಿಯೇ ಒಬ್ಬಂಟಿಯಾಗಿ ಅಂಥ ನೆಲವನ್ನು ದಾಟುತ್ತಿರುವವರಿಗೆ ಅಷ್ಟು ಜೊತೆಯನ್ನಾದರೂ ನಾವು ಕೊಡಬೇಕು.